ಹೊಯ್ಸಳ ರೂವಾರಿಯ ರೇಖೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಬಂದವರನ್ನು ಅಲ್ಲಿ ಏನು ಕಂಡಿರೆಂದು ಕೇಳಿದರೆ ಬಹುಮಂದಿ ಮೊದಲು ಒಂದು ಲೆಕ್ಕವನ್ನು ಹೇಳುವರು. ಆನೆಗಳು ಇಷ್ಟು ಸಾವಿರ, ವಿಗ್ರಹಗಳು ಇಷ್ಟು ನೂರು, ಒಂದರಂತೆ ಮತ್ತೊಂದಿಲ್ಲ ಎಂಬ ಮಾತುಗಳು ದಾರಿ ತೋರಿಸುವವರ ಬಾಯಿಂದ ಹೊರಟು ನೋಡುವವರ ಬಾಯಲ್ಲಿ ನೆಲೆಸಿಬಿಟ್ಟಿವೆ. ಈ ಲೆಕ್ಕದ ಹವ್ಯಾಸವು ಇಂದು ನಿನ್ನೆಯದಲ್ಲ. ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು 1876ರಲ್ಲಿ ಪ್ರಕಟಿಸಿದ ವಾಸ್ತುಚರಿತ್ರೆಯಲ್ಲಿ ಈ ಗುಡಿಯ ಆನೆಗಳ ಸಾಲು 710 ಅಡಿ ಉದ್ದವಿರುವುದೆಂದೂ, ಅದರಲ್ಲಿ ಎರಡು ಸಾವಿರಕ್ಕೆ ಕಡಮೆಯಿಲ್ಲದಷ್ಟು ಆನೆಗಳಿರುವುವೆಂದೂ ಬರೆದನು. ಅಥೆನ್ಸ್ ನಗರದ ಪಾರ್ಥೆನಾನ್ ಗುಡಿಯನ್ನು ಒಂದು ತುದಿಯಲ್ಲಿಯೂ ಹಳೇಬೀಡನ್ನು ಇನ್ನೊಂದು ತುದಿಯಲ್ಲಿಯೂ ನಿಲ್ಲಿಸಿ, ಜಗತ್ತಿನ ವಾಸ್ತುಕಲೆಯೆಲ್ಲವೂ ಇವೆರಡರ ನಡುವೆ ಅಡಗಿದೆಯೆಂಬ ಅಭಿಪ್ರಾಯವನ್ನು ಅವನು ಸೂಚಿಸಿದನು. ದೊಡ್ಡ ಮರ್ಯಾದೆಯೇ ಸರಿ. ಆದರೆ ಆ ಮರ್ಯಾದೆಯಲ್ಲಿ ಪಾರ್ಥೆನಾನಿಗೆ ಸಂದದ್ದು ಬುದ್ಧಿ, ಹಳೇಬೀಡಿಗೆ ಸಂದದ್ದು ಸಮೃದ್ಧಿ.

ಈ ಹಂಚಿಕೆಯು ಅಂದಿನಿಂದ ಹಾಗೆಯೇ ನಡೆದು ಬಂದಿದೆ. 1942ರಲ್ಲಿ ಹಿಂದೂ ವಾಸ್ತುವಿನ ಮೇಲೆ ಗ್ರಂಥ ಬರೆದ ಪರ್ಸಿ ಬ್ರೌನ್ ಹೊಯ್ಸಳ ಶಿಲ್ಪವು ಕಲ್ಲುಕುಟಿಕನ ಕೆಲಸಕ್ಕಿಂತ ದಂತದ ಕೆಲಸದವನ, ಗಂಧದ ಮರದ ಕೆತ್ತನೆಯವನ, ಅಕ್ಕಸಾಲಿಗನ ಕೆಲಸಕ್ಕೆ ಹತ್ತಿರವೆಂದು ಕಂಡನು. ಮಾತು ಸುಳ್ಳಲ್ಲ. ಆದರೆ ಮುಂದೆ ಈ ಮಾತನ್ನು ಹಿಡಿದುಕೊಂಡವರು, ಇದು ಕೈಯ ತಾಳ್ಮೆಯ ಕಲೆಯೇ ಹೊರತು ಮನಸ್ಸಿನ ಕಲೆಯಲ್ಲ ಎಂಬ ನಿರ್ಣಯಕ್ಕೆ ಬಂದುಬಿಟ್ಟರು. ಮೆದುವಾದ ಬಳಪದ ಕಲ್ಲು ದೊರೆಯಿತು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಲಿಯುವ ಆ ಕಲ್ಲು ಗಾಳಿಗೆ ತೆರೆದಂತೆ ಗಡಸಾಗುವುದು. ಆದ್ದರಿಂದ ಕೆತ್ತಿದರು, ಬಿಡುವಿಲ್ಲದೆ ಕೆತ್ತಿದರು ಎಂಬುದೇ ಅವರ ವಿವರಣೆ. ಕಲ್ಲು ಮೆದುವಾದರೆ ಕಲ್ಪನೆಯೂ ಹುಟ್ಟುವುದೆಂಬುದಾದರೆ ಬಳಪದ ಕಲ್ಲು ಸಿಕ್ಕುವ ಊರುಗಳಲ್ಲೆಲ್ಲ ಬೇಲೂರುಗಳು ಇರಬೇಕಾಗಿದ್ದುವು.

ಈ ಅಭಿಪ್ರಾಯವನ್ನು ಪರೀಕ್ಷಿಸುವ ಬಗೆ ಯಾವುದು? ಎಣಿಕೆಯಿಂದ ಆಗದು; ಮುಗಿದ ಕೆಲಸದ ನಯವನ್ನು ಹೊಗಳುವುದರಿಂದಲೂ ಆಗದು. ಕಲಾಕಾರನ ಮನಸ್ಸು ಎಲ್ಲಿ ತಡೆಯಿತು, ಎಲ್ಲಿ ಹುಡುಕಿತು, ಒಂದು ಆಕೃತಿಯಿಂದ ಮತ್ತೊಂದಕ್ಕೆ ಹೇಗೆ ದಾಟಿತು ಎಂಬುದು ತಿಳಿಯಬೇಕಾದರೆ ಅವನ ಕರಡನ್ನು ನೋಡಬೇಕು. ಕವಿಯ ಕಾಟು ತಿದ್ದುಗಳ ಹಾಳೆಯಂತೆ ಚಿತ್ರಕಾರನ ಕರಡು ಪುಸ್ತಕ. ಅದರಲ್ಲಿ ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲ, ದೊರೆಯ ಅಪ್ಪಣೆಯಿಲ್ಲ, ಕೈ ತನ್ನೊಡನೆ ತಾನು ಮಾತನಾಡಿಕೊಳ್ಳುತ್ತಿರುವುದು.

ಹೊಯ್ಸಳರ ಕಾಲಕ್ಕೆ ಸರಿಯಾದ ಅಂಥ ಒಂದು ಪುಸ್ತಕವು ಜಗತ್ತಿನಲ್ಲಿ ಉಳಿದು ಬಂದಿದೆ. ಆದರೆ ಅದು ಈ ದೇಶದ್ದಲ್ಲ. ಫ್ರಾನ್ಸಿನ ಉತ್ತರದ ಪಿಕಾರ್ಡಿ ಸೀಮೆಯ ಹೊನೆಕೂರ್ ಎಂಬ ಊರಿನ ವಿಲಾರ್ ಎಂಬಾತನು 13ನೆಯ ಶತಮಾನದ ಪೂರ್ವಾರ್ಧದಲ್ಲಿ ಚರ್ಮದ ಹಾಳೆಗಳ ಮೇಲೆ ಎಳೆದ ಚಿತ್ರಗಳ ಸಂಪುಟವದು. ಅದರ 33 ಹಾಳೆಗಳು ಪ್ಯಾರಿಸ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅರಸೀಕೆರೆ ಸೀಮೆಯ ಹಾರನಹಳ್ಳಿಯಲ್ಲಿ 1234ರ ಸುಮಾರಿಗೆ ರೂವಾರಿಗಳು ಗೋಡೆಗಳನ್ನು ಕೆತ್ತುತ್ತಿದ್ದಾಗ ಆ ಮನುಷ್ಯನು ಊರೂರು ತಿರುಗುತ್ತ, ಕಂಡ ಚರ್ಚುಗಳ ಕಿಟಕಿಗಳನ್ನೂ ಗೋಪುರಗಳನ್ನೂ ಕುರಿ ಕುದುರೆಗಳನ್ನೂ ಯಂತ್ರಗಳನ್ನೂ ಗುರುತಿಸಿಕೊಳ್ಳುತ್ತಿದ್ದನು. ಅವನ ಪುಸ್ತಕದ ಅತಿ ಸ್ವಾರಸ್ಯವಾದ ಪುಟಗಳು ಯಾವುವೆಂದರೆ, ಮನುಷ್ಯನ ಮುಖದ ಮೇಲೆಯೂ ಮೃಗದ ದೇಹದ ಮೇಲೆಯೂ ತ್ರಿಕೋಣ, ಚತುಷ್ಕೋಣ, ನಕ್ಷತ್ರಗಳನ್ನು ಎಳೆದು, ರೂಪವು ವಿನ್ಯಾಸದೊಳಗಿನಿಂದ ಹೇಗೆ ಹೊರಡುವುದೆಂದು ತೋರಿಸಿದ ಪುಟಗಳು. ಒಂದು ಸಿಂಹವನ್ನು ಬರೆದು, ಇದನ್ನು ಜೀವಂತ ಮೃಗವನ್ನು ನೋಡಿಯೇ ಬರೆದೆನೆಂದು ಅವನು ಪಕ್ಕದಲ್ಲಿ ಸೂಚಿಸಿರುವನು. ಆ ಸಿಂಹದ ಮುಖವಾದರೋ ಕೈವಾರದಿಂದ ಎಳೆದ ದುಂಡು ತಟ್ಟೆ! ಹೊಯ್ಸಳ ಲಾಂಛನದಲ್ಲಿ ಸಳನು ಇರಿಯುತ್ತಿರುವ ಮೃಗವು ಹುಲಿಯೋ ಸಿಂಹವೋ ಎಂದು ಇಲ್ಲಿ ಚರ್ಚಿಸುವವರು ಇದನ್ನು ನೆನೆಯಬೇಕು. ಕಥೆಯಲ್ಲಿ ಹುಲಿ, ಹಳ್ಳಿಯ ಹೆಸರಿನಲ್ಲಿ ಹುಲಿಕೆರೆ, ಕಲ್ಲಿನಲ್ಲಿ ಮಾತ್ರ ಕೇಸರಗಳು ಸುರುಳಿಗಟ್ಟಿದ ಯಾವುದೋ ಅದ್ಭುತ ಪ್ರಾಣಿ. ಕಣ್ಣು ಕಂಡುದಕ್ಕೂ ಕೈ ಕಲಿತುದಕ್ಕೂ ನಡುವಣ ಈ ಜಗಳ ಎರಡು ದೇಶಗಳಲ್ಲಿಯೂ ಒಂದೇ.

ದಾಸೋಜ, ಮಲ್ಲಿತಮ್ಮ ಮೊದಲಾದವರ ಕರಡು ಓಲೆಗಳು ಉಳಿದು ಬಂದಿಲ್ಲ. ಆದರೂ ಆ ಕಾಲದ ಗೆರೆ ಸಂಪೂರ್ಣವಾಗಿ ಅಳಿದುಹೋಗಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲಾ ಮೊದಲಾದ ಜೈನಾಗಮಗಳ ತಾಳೆಯೋಲೆಗಳು 12ನೆಯ ಶತಮಾನದ ಆರಂಭದವು, ಎಂದರೆ ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ಕಾಲದವು. ಅವುಗಳಲ್ಲಿ ಅಕ್ಷರಗಳ ನಡುವೆ ತೀರ್ಥಂಕರರ, ಯಕ್ಷಿಯರ, ಭಕ್ತರ ಚಿಕ್ಕ ಚಿಕ್ಕ ವರ್ಣಚಿತ್ರಗಳಿವೆ. ಪಕ್ಕದಲ್ಲಿ ಹೂಬಳ್ಳಿಗಳ, ಪದಕಗಳ ವಿನ್ಯಾಸಗಳಿವೆ. ಆ ಕುಂಚದ ಗೆರೆಯನ್ನು ನೋಡಿದವರಿಗೆ ಕಲ್ಲಿನ ಕೆಲಸವು ಹೊಸದಾಗಿ ಅರ್ಥವಾಗುವುದು. ಅಲ್ಲಿ ಉಬ್ಬಿಲ್ಲ, ನೆರಳಿಲ್ಲ. ಒಂದು ತೆಳುಗೆರೆ ಸುತ್ತಿ ಬಂದು ದೇಹವಾಗುತ್ತದೆ. ಅದೇ ಗೆರೆ ಇನ್ನೊಂದು ಸುತ್ತು ಬಂದರೆ ಬಳ್ಳಿಯಾಗುತ್ತದೆ. ಓಲೆಯ ಅಗಲ ಕೆಲವೇ ಅಂಗುಲಗಳಾದುದರಿಂದ ಚಿತ್ರಕಾರನಿಗೆ ಹಿಂಜರಿಯಲು ಎಡೆಯಿಲ್ಲ.

ಕಲ್ಲಿನಲ್ಲಿಯೂ ಕೆಲಸ ಮೊದಲಾಗುವುದು ಗೆರೆಯಿಂದಲೇ. ಸಂಪ್ರದಾಯದ ಶಿಲ್ಪಿಗಳು ಈಗಲೂ ಮಾಡುವಂತೆ ಕಲ್ಲಿನ ಮುಖವನ್ನು ಸಮಮಾಡಿ, ನಡುವೆ ಬ್ರಹ್ಮಸೂತ್ರವೆಂಬ ನೇರಗೆರೆಯನ್ನು ಹಾಕಿ, ಕಾವಿಯಿಂದ ಆಕೃತಿಯನ್ನು ಬರೆದು, ಬಳಿಕ ಉಳಿಯನ್ನು ಹಿಡಿಯಬೇಕು. ಮುಖದ ಉದ್ದವೇ ಒಂದು ತಾಲ; ತಾಲಕ್ಕೆ ಹನ್ನೆರಡು ಅಂಗುಲ; ನವತಾಲದ ಮೂರ್ತಿಗೆ ನೂರೆಂಟು ಅಂಗುಲ. ಈ ಅಳತೆಗಳು ಇರುವಲ್ಲಿ ಹುಡುಕಾಟಕ್ಕೆ ಸ್ಥಳವೆಲ್ಲಿ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾದುದಿಲ್ಲ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಸಾಕು.

ಹಳೇಬೀಡಿನ ಹೊರಗೋಡೆಯಲ್ಲಿ ಬುಡದಿಂದ ಎಂಟು ಪಟ್ಟಿಕೆಗಳಿವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರಗಳು, ಹಂಸಗಳು. ಇವುಗಳ ಮೇಲೆ ದೊಡ್ಡ ವಿಗ್ರಹಗಳ ಸಾಲು. ನೋಡುವವರ ಕಣ್ಣು ಸ್ವಾಭಾವಿಕವಾಗಿ ದೊಡ್ಡ ವಿಗ್ರಹಗಳ ಕಡೆಗೆ ಹಾರುವುದು. ಅಲ್ಲಿ ದೇವತೆಗಳ ಹೆಸರನ್ನು ಗುರುತು ಹಿಡಿಯುವ ಆನಂದವೂ ಉಂಟು. ಆದರೆ ರೇಖೆಯ ದೃಷ್ಟಿಯಿಂದ ಗೋಡೆಯ ಹೃದಯವಿರುವುದು ಎಲ್ಲರೂ ದಾಟಿಹೋಗುವ ಬಳ್ಳಿಯ ಪಟ್ಟಿಕೆಯಲ್ಲಿ.

ಬಳ್ಳಿಯೊಂದು ಮೇಲೆ ಕೆಳಗೆ ಅಲೆಯಂತೆ ಹರಿಯುತ್ತದೆ. ಪ್ರತಿ ಅಲೆಯ ಹೊಟ್ಟೆಯಲ್ಲಿ ಒಂದು ಕವಲು ಒಳಕ್ಕೆ ತಿರುಗಿ ಸುರುಳಿಯಾಗುತ್ತದೆ. ಇಷ್ಟೇ ನಿಯಮ. ಇದನ್ನು ಹತ್ತು ಸಲ ಮಾಡಿದವನು ಕಣ್ಣು ಮುಚ್ಚಿ ಹನ್ನೊಂದನೆಯದನ್ನೂ ಮಾಡಬಲ್ಲನು. ಹೊಯ್ಸಳ ರೂವಾರಿಯು ಕಣ್ಣು ಮುಚ್ಚುವುದಿಲ್ಲ. ಸುರುಳಿಯ ನಡುವೆ ಒಂದು ಕಡೆ ಮೊಗ್ಗು, ಒಂದು ಕಡೆ ಎಲೆ, ಮತ್ತೊಂದು ಕಡೆ ಅದೇ ಎಲೆಯು ಒಂದು ಚಿಕ್ಕ ಪ್ರಾಣಿಯ ಬೆನ್ನು. ಇನ್ನೊಂದು ಕಡೆ ನರ್ತಿಸುವ ಪುಟ್ಟ ಮನುಷ್ಯ. ಆ ಮನುಷ್ಯನ ಬಾಗು ಸುರುಳಿಯ ಬಾಗಿಗಿಂತ ಬೇರೆಯದಲ್ಲ. ಮೇಲಿನ ಪಟ್ಟಿಕೆಗಳಿಗೆ ಬಂದರೆ ಇದೇ ವಿಚಾರವು ಮತ್ತೊಂದು ದಿಕ್ಕಿನಿಂದ ನಡೆಯುತ್ತದೆ. ಹಂಸದ ಕೊರಳು, ಎದೆ, ಕಾಲುಗಳು ಹಕ್ಕಿಯವು. ಬಾಲದ ಹತ್ತಿರಕ್ಕೆ ಬರುತ್ತಲೇ ಗರಿಗಳು ಎಲೆಗಳಾಗಿ, ಎಲೆಗಳು ಸುರುಳಿಗಳಾಗಿ, ಹಕ್ಕಿ ಎಲ್ಲಿ ಮುಗಿದು ಬಳ್ಳಿ ಎಲ್ಲಿ ಮೊದಲಾಯಿತೆಂದು ಬೆರಳಿಟ್ಟು ತೋರಿಸಲಾಗದು. ಮಕರದ ಬಾಲವೂ ಹಾಗೆಯೇ. ಕೆಳಗೆ ಬಳ್ಳಿಯಿಂದ ಪ್ರಾಣಿ ಹುಟ್ಟಿತು. ಮೇಲೆ ಪ್ರಾಣಿಯಿಂದ ಬಳ್ಳಿ ಹುಟ್ಟಿತು. ವಿಲಾರನು ಮುಖದ ಮೇಲೆ ತ್ರಿಕೋಣವನ್ನಿಟ್ಟು ಪ್ರಯೋಗ ಮಾಡಿದನಷ್ಟೆ. ಅವನಿಗೆ ರೂಪವು ಒಂದು, ವಿನ್ಯಾಸವು ಒಂದು, ಎರಡನ್ನೂ ಹೊಂದಿಸುವ ಉಪಾಯವನ್ನು ಅವನು ಹುಡುಕುತ್ತಿದ್ದನು. ಇಲ್ಲಿಯಾದರೋ ಅವೆರಡೂ ಒಂದೇ ಗೆರೆಯ ಎರಡು ಅವಸ್ಥೆಗಳು.

ಇದು ಅಲಂಕಾರವಲ್ಲವೆ ಎಂದರೆ, ಅಲಂಕಾರವೇ ಹೌದು. ಆದರೆ ಅಲಂಕಾರವೆಂಬ ಮಾತನ್ನು ಕನ್ನಡಿಗರು ಕಾವ್ಯದಲ್ಲಿ ಯಾವ ಅರ್ಥದಲ್ಲಿ ಬಲ್ಲರೋ ಅದೇ ಅರ್ಥದಲ್ಲಿ. ಉಪಮೆಯು ಕಾವ್ಯಕ್ಕೆ ಹೊರಗಿನಿಂದ ತೊಡಿಸಿದ ಒಡವೆಯಲ್ಲ, ವಸ್ತುವನ್ನು ಕಾಣುವ ಒಂದು ರೀತಿ. ಹಂಸದ ಬಾಲದಲ್ಲಿ ಬಳ್ಳಿಯನ್ನು ಕಂಡವನು ಉಪಮೆಯನ್ನು ಉಳಿಯಿಂದ ಬರೆದನು.

ಬೇಲೂರಿನ ಮದನಿಕೆಯರಲ್ಲಿ ಈ ಗೆರೆಯು ಅತ್ಯಂತ ಧೈರ್ಯವನ್ನು ತೋರುವುದು. ನಲವತ್ತೆರಡು ಮಂದಿ, ಮೂವತ್ತೆಂಟು ಹೊರಗೆ, ನಾಲ್ವರು ಒಳಗೆ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಬೇಟೆಗೆ ಹೊರಟವಳು ಎಂಬ ಹೆಸರುಗಳು ಎಲ್ಲರಿಗೂ ಪರಿಚಿತ. ಹೆಸರನ್ನು ಮರೆತು ಹೊರಗೆರೆಯನ್ನು ಮಾತ್ರ ಅನುಸರಿಸಿ ನೋಡಬೇಕು. ತಲೆ ಒಂದು ಕಡೆ, ಸೊಂಟ ಒಂದು ಕಡೆ, ಮೊಣಕಾಲು ಮತ್ತೊಂದು ಕಡೆ ಬಾಗಿದ ತ್ರಿಭಂಗದ ಗೆರೆಯು ಪಾದದಿಂದ ಏರಿ ಬಂದು ತಲೆಯಲ್ಲಿ ನಿಲ್ಲುವುದಿಲ್ಲ. ಮೇಲಿನ ಬಳ್ಳಿಯ ಚಪ್ಪರಕ್ಕೆ ದಾಟಿ, ಬೆನ್ನ ಹಿಂದೆ ಸುತ್ತಿ, ಮತ್ತೆ ಪಾದದ ಹತ್ತಿರಕ್ಕೆ ಇಳಿಯುತ್ತದೆ. ಚಪ್ಪರವಿಲ್ಲದೆ ಆ ಭಂಗಿಯು ಅರ್ಧ ವಾಕ್ಯ. ಒಂದು ಚಪ್ಪರದ ಹಲಸಿನ ಹಣ್ಣಿನ ಮೇಲೆ ನೊಣವೂ ಅದನ್ನು ಹಿಡಿಯಲು ಹೊಂಚುವ ಹಲ್ಲಿಯೂ ಇರುವುದನ್ನು ದಾರಿ ತೋರಿಸುವವರು ತಪ್ಪದೆ ತೋರಿಸುವರು. ಚೆನ್ನಾಗಿದೆ, ಮಕ್ಕಳಿಗೆ ಬಹಳ ಸಂತೋಷ. ಆದರೆ ನೊಣವನ್ನು ಕೆತ್ತುವುದು ಚಾತುರ್ಯ, ಚಪ್ಪರವನ್ನು ದೇಹದ ಮುಂದುವರಿಕೆಯಾಗಿ ಭಾವಿಸುವುದು ಪ್ರತಿಭೆ; ಎರಡನೆಯದನ್ನು ತೋರಿಸುವವರು ವಿರಳ.

ಇನ್ನು ಪುರಾಣ ಕಥೆಗಳ ಪಟ್ಟಿಕೆ. ರೂವಾರಿಯು ನಿಜವಾಗಿಯೂ ಹುಡುಕಿದ್ದು ಇಲ್ಲಿ. ದೇವತಾಮೂರ್ತಿಗೆ ಶಾಸ್ತ್ರವು ಕೈಗಳ ಸಂಖ್ಯೆಯನ್ನೂ ಆಯುಧಗಳನ್ನೂ ನಿಲುವನ್ನೂ ಹೇಳಿಟ್ಟಿದೆ. ಅಭಿಮನ್ಯುವು ಚಕ್ರವ್ಯೂಹವನ್ನು ಹೊಗುವುದನ್ನು ಒಂದು ಗೇಣಿನ ಕಲ್ಲಿನಲ್ಲಿ ಹೇಗೆ ತೋರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಹಳೇಬೀಡಿನ ರೂವಾರಿಯು ಇದಕ್ಕೆ ಕಂಡುಕೊಂಡ ಉತ್ತರವು ಅದ್ಭುತವಾದುದು: ವ್ಯೂಹವನ್ನು ಮೇಲಿನಿಂದ ನೋಡಿದಂತೆ ಸುತ್ತು ಸುತ್ತಾದ ಹಾದಿಯ ಚಕ್ರವಾಗಿ ಬರೆದನು, ಯೋಧರನ್ನು ಮಾತ್ರ ಪಕ್ಕದಿಂದ ನೋಡಿದಂತೆ ನಿಲ್ಲಿಸಿದನು. ಎರಡು ನೋಟಗಳು ಒಂದೇ ಕಲ್ಲಿನಲ್ಲಿ. ಕಣ್ಣಿಗೆ ಅಸಾಧ್ಯವಾದುದು ಬುದ್ಧಿಗೆ ತಕ್ಷಣ ಸ್ಪಷ್ಟ. ವಿಲಾರನ ಹಾಳೆಯಲ್ಲಿಯೂ ಒಂದು ಚಕ್ರಬಂಧವಿದೆ. ಅದು ಶಾರ್ತ್ರ್ ಊರಿನ ಚರ್ಚಿನ ನೆಲದ ಮೇಲಿನ ಸುತ್ತುದಾರಿಯನ್ನು ಹೋಲುವ ನಕ್ಷೆ. ಅದರಲ್ಲಿ ಮನುಷ್ಯರಿಲ್ಲ. ಅಲ್ಲಿ ವಿನ್ಯಾಸವು ವಿನ್ಯಾಸವಾಗಿಯೇ ಉಳಿಯಿತು, ಇಲ್ಲಿ ಅದು ಹದಿನಾರು ವರ್ಷದ ಹುಡುಗನ ಮರಣವಾಯಿತು. ಗದುಗಿನ ಭಾರತವನ್ನು ಓದಿ ದ್ರೋಣಪರ್ವದಲ್ಲಿ ಕಣ್ಣೀರು ಸುರಿಸಿದ ಮನೆಗಳವರು ಆ ಸಣ್ಣ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತರೆ, ಒಳಹೋಗುವ ದಾರಿ ಮಾತ್ರ ತಿಳಿದವನ ಕಥೆಗೆ ಇದಕ್ಕಿಂತ ತಕ್ಕ ಆಕೃತಿ ಬೇರೊಂದಿಲ್ಲವೆಂದು ಒಪ್ಪುವರು.

ಚುಕ್ಕಿಯಿಟ್ಟು ಸುತ್ತುಗಟ್ಟುವ ವಿದ್ಯೆ ಇಲ್ಲಿಯ ಮನೆಗಳಿಗೆ ಅಪರಿಚಿತವಾದುದಲ್ಲ. ತಾಯಿಯಿಂದ ಮಗಳಿಗೆ ಬಂದ ರಂಗವಲ್ಲಿಯ ಪುಸ್ತಕವೊಂದು ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯ ಅಡಿಯಲ್ಲಿ ಬಿದ್ದಿರುವುದು: ಚೌಕುಳಿ ಹಾಳೆಯ ನೋಟುಬುಕ್ಕು, ಪೆನ್ಸಿಲಿನ ಚುಕ್ಕಿಗಳು, ಅಳಿಸಿ ಮತ್ತೆ ಎಳೆದ ಗೆರೆಗಳು, ಒಂದು ಮೂಲೆಯಲ್ಲಿ ಹದಿನೈದರಿಂದ ಒಂದಕ್ಕೆ ಎಂಬ ಗುರುತು. ನಾಲ್ಕು ಎಸಳಿನ ಹೂವು ಎರಡು ಪುಟ ದಾಟುವುದರೊಳಗೆ ನವಿಲಾಗಿರುವುದು. ಕಲೆಯ ವಿಮರ್ಶಕರು ಅದನ್ನು ಕರಡು ಪುಸ್ತಕವೆಂದು ಎಣಿಸಿದವರಲ್ಲ. ಆದರೂ ಹಳೇಬೀಡಿನ ಹಂಸವು ಬಳ್ಳಿಯಾದ ಕ್ರಮವನ್ನು ತಿಳಿಯಬೇಕಾದವರಿಗೆ ಪ್ಯಾರಿಸಿನ ಚರ್ಮದ ಹಾಳೆಗಳಿಗಿಂತ ಆ ನೋಟುಬುಕ್ಕು ಹತ್ತಿರದ ಸಾಕ್ಷಿ.

ಗುಡಿಯ ತಳವಿನ್ಯಾಸಕ್ಕೂ ಇದೇ ಮೂಲ. ಒಂದು ಚೌಕವನ್ನು ಎಳೆದು, ಅದರ ನಡುವಿನ ಗೂಟಕ್ಕೆ ಹಗ್ಗ ಕಟ್ಟಿ, ಅದೇ ಚೌಕವನ್ನು ಸಮನಾದ ಕೋನಗಳಲ್ಲಿ ಮೂರು ಬಾರಿ ತಿರುಗಿಸಿ ಎಳೆದರೆ ನಾಲ್ಕು ಚೌಕಗಳ ಹದಿನಾರು ಮೂಲೆಗಳು ನಕ್ಷತ್ರವಾಗುವುವು. 1220ರ ಸುಮಾರಿನ ಅರಸೀಕೆರೆಯ ಈಶ್ವರ ದೇವಾಲಯದ ಮುಂದಿನ ತೆರೆದ ಮಂಟಪವು ಇಂಥ ನಕ್ಷತ್ರಾಕಾರದ್ದು. ಅಲ್ಲಿ ನಿಂತವರು ಗೋಡೆಯನ್ನಲ್ಲ, ಒಂದು ತಿರುಗುವ ಗೆರೆಯನ್ನು ಸುತ್ತಿ ಬಂದಂತೆ ಭಾಸವಾಗುವುದು. ಸ್ಥಪತಿಗಳು ನೆಲದ ಮೇಲೆಯೇ ಚಿತ್ರ ಬರೆಯುತ್ತಿದ್ದರೆಂಬುದು ಊಹೆ ಮಾತ್ರವಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ 11ನೆಯ ಶತಮಾನದ, ಮುಗಿಯದೆ ನಿಂತ ಶಿವಾಲಯದ ಸುತ್ತಣ ಬಂಡೆಗಳ ಮೇಲೆ ಆ ಗುಡಿಯ ಅಂಗಾಂಗಗಳ ರೇಖಾಚಿತ್ರಗಳು ಕೊರೆದುವು ಹಾಗೆಯೇ ಉಳಿದಿವೆ. ಕರ್ಣಾಟಕದ ಸ್ಥಪತಿಯು ತನ್ನ ಕರಡಿನ ಮೇಲೆಯೇ ಗುಡಿಯನ್ನು ಕಟ್ಟಿ ಅದನ್ನು ಮುಚ್ಚಿಬಿಟ್ಟನು.

ಇಲ್ಲಿ ಹುಲಿಕೆರೆಯ ಮಾತನ್ನು ಎತ್ತಬೇಕು. ಹಳೇಬೀಡಿಗೆ ಬರುವ ಸಾವಿರ ಜನರಲ್ಲಿ ಹತ್ತು ಮಂದಿಯೂ ಹತ್ತಿರದ ಈ ಹಳ್ಳಿಯ ಕಲ್ಯಾಣಿಯ ಮೆಟ್ಟಿಲನ್ನು ಇಳಿಯುವುದಿಲ್ಲ. ಹೊಯ್ಸಳರ ಕಾಲದ ಆ ಮೆಟ್ಟಿಲು ಕೊಳದ ಒಳಗೋಡೆಗಳಲ್ಲಿ ಗೂಡುಗಳನ್ನೂ, ಮೆಟ್ಟಿಲುಗಳ ನಡುವೆ ಕಿರುಗುಡಿಗಳನ್ನೂ ಕಟ್ಟಿರುವರು. ಹನ್ನೆರಡು ರಾಶಿಗಳೆಂದೂ ಇಪ್ಪತ್ತೇಳು ನಕ್ಷತ್ರಗಳೆಂದೂ ಜನರು ಅವುಗಳಿಗೆ ಲೆಕ್ಕ ಕೂಡಿಸುವರು. ರೇಖೆಯನ್ನು ವಿಚಾರಿಸುವವರಿಗೆ ಈ ಸ್ಥಳವು ಎರಡು ಕಾರಣಗಳಿಂದ ಅಮೂಲ್ಯ. ಮೊದಲನೆಯದು, ಹೊಯ್ಸಳೇಶ್ವರನ ಗುಡಿಗೆ ಶಿಖರಗಳಿಲ್ಲ, ಬೇಲೂರಿನ ಗುಡಿಯೂ ಇಂದು ಶಿಖರವಿಲ್ಲದೆ ನಿಂತಿದೆ; ದೊಡ್ಡ ಗುಡಿಯ ತಲೆಯ ಮೇಲೆ ಏನಿರಬೇಕೆಂದು ರೂವಾರಿಯು ಭಾವಿಸಿದ್ದನೋ ಅದು ಈ ಕಿರುಗುಡಿಗಳ ಪುಟ್ಟ ಶಿಖರಗಳಲ್ಲಿ ಕೈಗೆಟುಕುವ ಎತ್ತರದಲ್ಲಿ ಸಿಕ್ಕುವುದು. ಮಾದರಿಯ ಮಣ್ಣಿನ ಗೊಂಬೆಯನ್ನು ಕುಂಬಾರನ ಅಂಗಳದಲ್ಲಿ ನೋಡಿದಂತೆ. ಎರಡನೆಯದು ಇನ್ನೂ ಮುಖ್ಯ. ಹಳೇಬೀಡಿನಲ್ಲಿ ವಿನ್ಯಾಸವು ಜನಸಂದಣಿಯಲ್ಲಿ ಮುಚ್ಚಿಹೋಗಿದೆ. ಹುಲಿಕೆರೆಯಲ್ಲಿ ಅದು ಒಂಟಿಯಾಗಿ ನಿಂತಿದೆ. ಮೇಲಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಮೆಟ್ಟಿಲು, ಗೂಡು, ಕಿರುಗುಡಿ, ಮತ್ತೆ ಮೆಟ್ಟಿಲು, ಒಂದರೊಳಗೊಂದು ಇಳಿಯುವ ಚೌಕಗಳು, ಕೊನೆಯಲ್ಲಿ ನೀರು. ಇದು ಗುಡಿಯನ್ನು ತಲೆಕೆಳಗಾಗಿ ಬರೆದ ನಕ್ಷೆ. ಸಂಯಮವೆಂಬುದು ಹೊಯ್ಸಳರಿಗೆ ತಿಳಿಯದೆಂದು ಬರೆದವರು ಈ ಕೊಳವನ್ನು ನೋಡಿದವರಲ್ಲವೆಂದು ಧಾರಾಳವಾಗಿ ಹೇಳಬಹುದು.

ಹೊಗಳಿಕೆ ಸಾಕು; ದೋಷಗಳಿಲ್ಲವೆಂದು ಹೇಳುವುದು ವಿಮರ್ಶೆಯಾಗದು. ಹಳೇಬೀಡಿನ ದೊಡ್ಡ ವಿಗ್ರಹಗಳಲ್ಲಿ ಅನೇಕವು ಒಡವೆಗಳ ಭಾರದಿಂದ ಬಳಲಿವೆ. ಹಾರ, ಕಾಂಚೀದಾಮ, ಕೇಯೂರ, ಕಿರೀಟಗಳು ದೇಹದ ಗೆರೆಯನ್ನು ಅನುಸರಿಸುವುದಕ್ಕೆ ಬದಲು ಅದನ್ನು ತುಂಡು ತುಂಡಾಗಿ ಕತ್ತರಿಸುತ್ತವೆ. ಮುಖಗಳು ಬಹುಮಟ್ಟಿಗೆ ಒಂದೇ ಅಚ್ಚು. ಕೈಲಾಸವನ್ನೆತ್ತುವ ರಾವಣನ ಶ್ರಮವೂ ಗೋವರ್ಧನವನ್ನೆತ್ತುವ ಕೃಷ್ಣನ ಲೀಲೆಯೂ ಮುಖದಲ್ಲಿ ಕಾಣುವುದಕ್ಕಿಂತ ಸುತ್ತಣ ಗುಂಪಿನ ಚಲನೆಯಲ್ಲಿಯೇ ಹೆಚ್ಚಾಗಿ ಕಾಣುವುದು. ಕಾಲಗಳು ಮೋಟು. ಕರಡಿನಲ್ಲಿ ಹರಿದ ಗೆರೆಯು ಒಪ್ಪ ಹಾಕುವಾಗ ಹೂತುಹೋಯಿತೆಂದೇ ಹೇಳಬೇಕಾಗಿದೆ. ಪರ್ಸಿ ಬ್ರೌನನ ಅಕ್ಕಸಾಲಿಗನು ಇಲ್ಲಿ ನಿಜವಾಗಿಯೂ ಇದ್ದಾನೆ. ಅಲ್ಲಲ್ಲಿ ಮುಗಿಯದೆ ನಿಂತ ಕೆಲಸದ ಮುಂದೆ ಈ ಮಾತು ಮತ್ತಷ್ಟು ಮನಸ್ಸಿಗೆ ಬರುವುದು. ಒಡವೆಗಳನ್ನು ಇನ್ನೂ ಬಿಡಿಸದೆ, ದೇಹದ ದುಂಡನ್ನು ಮಾತ್ರ ಹೊರತೆಗೆದು ಬಿಟ್ಟ ಮೂರ್ತಿಯು ಪಕ್ಕದ ಸರ್ವಾಲಂಕೃತ ಮೂರ್ತಿಗಿಂತ ಹೆಚ್ಚು ಉಸಿರಾಡುತ್ತದೆ. ಇಂದಿನವರ ರುಚಿಗೆ ಮಾತ್ರ ಹಾಗೆ ತೋರುವುದೆಂದು ಆಕ್ಷೇಪಿಸಬಹುದು. ಇರಲಿ. ಆದರೆ ಅದೇ ಶತಮಾನದ ಮೂಡಬಿದಿರೆಯ ಓಲೆಯ ಚಿತ್ರಕಾರನು ಒಡವೆಗಳನ್ನು ಬರೆದೂ ದೇಹವನ್ನು ಉಳಿಸಿಕೊಂಡನು. ಬೇಲೂರಿನ ಮದನಿಕೆಯರಲ್ಲಿಯೂ ಒಡವೆಗಳಿಗೆ ಕೊರತೆಯಿಲ್ಲ. ಹೀಗಿರುವುದರಿಂದ ತಪ್ಪನ್ನು ಕಾಲದ ರುಚಿಯ ಮೇಲೆ ಹೊರಿಸಿ ಪಾರಾಗುವಂತಿಲ್ಲ. ಕೈಗೂ ಕೈಗೂ ಅಂತರವಿತ್ತು.

ಆ ಕೈಗಳಿಗೆ ಹೆಸರುಗಳೂ ಉಂಟು. ಜನರ ಕಥೆಯಲ್ಲಿ ಒಬ್ಬನೇ ಜಕಣಾಚಾರಿ. ಅವನೂ ಅವನ ಮಗ ಡಂಕಣನೂ ಎಲ್ಲ ಗುಡಿಗಳನ್ನೂ ಕಟ್ಟಿದರು. ಕಲ್ಲಿ ಮೇಲೆ ಗಂಧವನ್ನು ಲೇಪಿಸಿ, ಒಣಗದೆ ಉಳಿದ ಒಂದು ಭಾಗವನ್ನು ತೋರಿಸಿ, ಒಳಗೆ ಕಪ್ಪೆಯಿರುವುದನ್ನು ಮಗನು ಸಿದ್ಧಪಡಿಸಿದ ಕಥೆಯು ಬಹಳ ಸುಂದರವಾದುದು. ಕೆತ್ತುವ ಮೊದಲು ಕಲ್ಲನ್ನು ಪರೀಕ್ಷಿಸಬೇಕೆಂಬ ವೃತ್ತಿಯ ಅನುಭವವು ಅದರಲ್ಲಿ ಅಡಗಿದೆ. ಆದರೆ ಕಲ್ಲುಗಳು ತಾವೇ ಬೇರೆ ಮಾತನ್ನು ಹೇಳುತ್ತವೆ. ಬೇಲೂರಿನ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಮೈಸೂರು ಪ್ರಾಕ್ತನ ವಿಮರ್ಶಾ ಇಲಾಖೆಯ ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಗುಡಿಯನ್ನು ಕುರಿತು ಪ್ರಕಟಿಸಿದ ಗ್ರಂಥದಿಂದ ಈ ಹೆಸರುಗಳು ವಿದ್ವಾಂಸರ ಲೋಕಕ್ಕೆ ಚೆನ್ನಾಗಿ ಪರಿಚಿತವಾದುವು. ಮನೆಗಳಲ್ಲಿ ಮಾತ್ರ ಇಂದಿಗೂ ಜಕಣಾಚಾರಿಯೇ ಆಳುತ್ತಿರುವನು. ಒಬ್ಬನೇ ಮಾಂತ್ರಿಕನು ಎಲ್ಲವನ್ನೂ ಮಾಡಿದನೆಂದರೆ ಒಂದು ಗೆರೆಯನ್ನು ಮತ್ತೊಂದು ಗೆರೆಯೊಡನೆ ಹೋಲಿಸುವ ಕೆಲಸವೇ ಉಳಿಯುವುದಿಲ್ಲ. ಹೋಲಿಕೆಯಿಲ್ಲದ ಕಡೆ ವಿಮರ್ಶೆಯೂ ಇಲ್ಲ.

ಗೆರೆಯ ಸ್ವಭಾವವನ್ನು ಈ ಕಾಲದಲ್ಲಿ ಮತ್ತೆ ಅರಿತುಕೊಂಡವರು ಚಿತ್ರಕಾರರು. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗ, ಗುರುಗಳು 1914ರಲ್ಲಿ ಹೊರತಂದ ಭಾರತೀಯ ಅಂಗವಿನ್ಯಾಸದ ಕಿರುಹೊತ್ತಗೆಗೆ ನಂದಲಾಲ ಬೋಸರೊಡನೆ ರೇಖಾಚಿತ್ರಗಳನ್ನು ಬರೆದುಕೊಟ್ಟರು. ಮುಖಕ್ಕೆ ಮೊಟ್ಟೆ, ಕಣ್ಣಿಗೆ ಮೀನು, ಮುಂಡಕ್ಕೆ ಗೋಮುಖ ಎಂಬ ಸಾದೃಶ್ಯಗಳನ್ನು ಅದು ಚಿತ್ರಗಳಿಂದ ವಿವರಿಸುವುದು. ಓದುವಾಗ ಕವಿಸಮಯದಂತೆ ತೋರಿದ ಮಾತುಗಳು ಗೆರೆಯಲ್ಲಿ ಕಂಡಾಗ ಹಳೇಬೀಡಿನ ಹಂಸದ ಬಾಲವು ನೆನಪಿಗೆ ಬಾರದಿರದು. ಉಡುಪಿಯ ಬಳಿಯ ಕಟ್ಟಿಂಗೇರಿಯವರಾದ ಕೆ. ಕೆ. ಹೆಬ್ಬಾರರು (1911–1996) ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಅವರು ಗೆರೆಯ ಲಯವನ್ನು ತಿಳಿಯುವುದಕ್ಕಾಗಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳ ಸಂಪುಟಕ್ಕೆ ‘ಸಿಂಗಿಂಗ್ ಲೈನ್’ ಎಂಬ ಹೆಸರಾಯಿತು. ನರ್ತಕಿಯ ತೋಳನ್ನೂ ಸೆರಗನ್ನೂ ಲೇಖನಿ ಎತ್ತದೆ ಒಂದೇ ಓಟದಲ್ಲಿ ಬರೆದ ಆ ಚಿತ್ರಗಳ ಪಕ್ಕದಲ್ಲಿ ಮದನಿಕೆಯೊಬ್ಬಳ ಹೊರಗೆರೆಯನ್ನು ತೆಳು ಕಾಗದದ ಮೇಲೆ ಇಳಿಸಿ ಇಟ್ಟರೆ ಎಂಟು ನೂರು ವರ್ಷಗಳ ಅಂತರವು ಗೊತ್ತಾಗದು. ಹೆಬ್ಬಾರರ ಗೆರೆಯು ಬಹಳಷ್ಟನ್ನು ಬಿಟ್ಟುಬಿಡುವ ಧೈರ್ಯವುಳ್ಳದ್ದು ಎಂಬ ಒಂದು ವ್ಯತ್ಯಾಸ ಮಾತ್ರ ಉಳಿಯುವುದು. ಹಳೇಬೀಡಿನ ದೊಡ್ಡ ವಿಗ್ರಹಗಳ ರೂವಾರಿಗೆ ಇಲ್ಲದೆ ಹೋದ ಧೈರ್ಯವದು.

ಕೈಯಿಂದ ಬರೆದು ನೋಡುವ ಈ ಅಭ್ಯಾಸವು ಈಗ ಕಡಮೆಯಾಗಿದೆ. ಕ್ಯಾಪ್ಟನ್ ಓಕ್ಲಿ ಎಂಬಾತನು 1856–57ರಲ್ಲಿಯೇ ಹಳೇಬೀಡಿನ ಛಾಯಾಚಿತ್ರಗಳನ್ನು ತೆಗೆದನು. ಅಂದಿನಿಂದ ಇಂದಿನವರೆಗೆ ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಛಾಯಾಚಿತ್ರವು ಎಲ್ಲವನ್ನೂ ಒಮ್ಮೆಗೇ ಕೊಡುವುದು. ಆದ್ದರಿಂದ ಯಾವುದನ್ನೂ ಹುಡುಕುವ ಶ್ರಮವನ್ನು ಉಳಿಸುವುದಿಲ್ಲ. ಬಳ್ಳಿಯ ಪಟ್ಟಿಕೆಯ ಒಂದು ಮೊಳವನ್ನು ಪೆನ್ಸಿಲಿನಿಂದ ಬರೆದುಕೊಳ್ಳಲು ಕುಳಿತ ಹುಡುಗನಿಗೆ ಮೂರನೆಯ ಸುರುಳಿಯಲ್ಲಿಯೇ ರೂವಾರಿಯು ತನಗೆ ಮಾಡಿದ ಮೋಸವು ತಿಳಿಯುವುದು: ಹಿಂದಿನಂತೆಯೇ ಇರುವುದೆಂದು ಎಳೆದ ಗೆರೆಯು ಹಾಗೆ ತಿರುಗದೆ ಬೇರೊಂದು ಪ್ರಾಣಿಯ ಕಿವಿಯಾಗಿರುವುದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದುವು. ಸಂತೋಷವಾದ ಸಂಗತಿ. ಹಾರನಹಳ್ಳಿ, ಜಾವಗಲ್ಲು, ನುಗ್ಗೇಹಳ್ಳಿ, ಹುಲಿಕೆರೆಗಳು ಆ ಪಟ್ಟಿಯ ಹೊರಗಿವೆ. ಅಲ್ಲಿ ಜನಸಂದಣಿಯಿಲ್ಲದುದರಿಂದ ಕಾಗದವನ್ನು ಹರವಿಕೊಂಡು ಕುಳಿತು ಬರೆಯುವುದಕ್ಕೆ ಇನ್ನೂ ಸ್ಥಳ ಉಂಟು. ಅಭ್ಯಾಸಕ್ಕೆ ಮೊದಲು ಆರಿಸಬೇಕಾದ ಗುಡಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನದು. 1246ರಲ್ಲಿ ಆದ ಈ ಗುಡಿಯ ದಕ್ಷಿಣದ ಗೋಡೆಯನ್ನು ನಂದಿಯ ಬೈಚೋಜನೂ ಉತ್ತರದ ಗೋಡೆಯನ್ನು ಮಲ್ಲಿತಮ್ಮನೂ ಹಂಚಿಕೊಂಡು ಕೆತ್ತಿದರು. ಒಂದೇ ವರ್ಷ, ಒಂದೇ ಕಲ್ಲು, ಒಂದೇ ಶಾಸ್ತ್ರ, ಎರಡು ಕೈಗಳು. ಉತ್ತರದ ಗೋಡೆಯ ಒಂದು ಮೂರ್ತಿಯ ಹೊರಗೆರೆಯನ್ನೂ ದಕ್ಷಿಣದ ಒಂದು ಮೂರ್ತಿಯ ಹೊರಗೆರೆಯನ್ನೂ ಒಂದೇ ಅಳತೆಗೆ ಇಳಿಸಿ ಒಂದರ ಪಕ್ಕದಲ್ಲೊಂದು ಇಟ್ಟು ನೋಡುವ ಕೆಲಸವು ಒಂದು ಮಧ್ಯಾಹ್ನದ್ದು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಹಿಡಿದು 1268ರ ಸುಮಾರಿನ ಸೋಮನಾಥಪುರದವರೆಗೆ ಕಾಣುವುದರಿಂದ, ಅವನೊಬ್ಬನೋ ಆ ಹೆಸರಿನ ಇಬ್ಬರೋ ಎಂಬ ಸಂಶಯವನ್ನೂ ಪರಿಹರಿಸಿಕೊಳ್ಳುವ ಮಾರ್ಗವು ಇದೇ. ಸೋಮನಾಥಪುರದಲ್ಲಿ ಅವನು ಕೆಲವು ವಿಗ್ರಹಗಳ ಕೆಳಗೆ ಪೂರ್ಣ ಹೆಸರನ್ನು ಕೊರೆದಿರುವನು. ಕೆಲವುಗಳಲ್ಲಿ ‘ಮಲ್ಲಿ’ ಎಂದು ಮಾತ್ರ. ಮತ್ತೆ ಕೆಲವುಗಳಲ್ಲಿ ‘ಮ’ ಎಂಬ ಒಂದೇ ಅಕ್ಷರ.